ಬಂಡೆಯ ಮೇಲೆ ತಂಗಿ, ದೋಣಿಯ ಮೇಲೆ ಜಗಳ

ತಂಗಿಯನ್ನು ಇವತ್ತೇ ಕರೆತರಬೇಕಿತ್ತು. ಅದರಲ್ಲಿ ಎರಡು ಮಾತಿರಲಿಲ್ಲ.

ಅವಳು ಕಡಲಹಕ್ಕಿಗಳನ್ನು ಎಣಿಸುವ ಕೆಲಸದವಳು. ತೀರದಿಂದ ಬಹುದೂರ, ನೀರಿನ ನಡುವೆ ಎದ್ದು ನಿಂತ ಬೋಳು ಬಂಡೆಯೊಂದರ ಮೇಲೆ ಡೇರೆ ಹಾಕಿಕೊಂಡು, ಯಾವ ಗೂಡಿನಲ್ಲಿ ಎಷ್ಟು ಮೊಟ್ಟೆ, ಎಷ್ಟು ಮರಿ ಎಂದು ಲೆಕ್ಕ ಹಾಕುತ್ತಾ ಕೂತಿದ್ದಳು. ನಿನ್ನೆ ಸಂಜೆ ಆ ಕಡೆಯಿಂದ ಬಂದ ಮೀನುಗಾರನೊಬ್ಬ ಅಕ್ಕನ ಮನೆ ಹುಡುಕಿಕೊಂಡು ಬಂದು ಸುದ್ದಿ ಮುಟ್ಟಿಸಿದ. ತಂಗಿ ಅವನ ದೋಣಿಯ ರೇಡಿಯೋಗೆ ಮಾತಾಡಿದ್ದಳಂತೆ. ನೀರಿನ ಡ್ರಮ್ಮು ಒಡೆದುಹೋಗಿದೆ, ಉಳಿದದ್ದು ನಾಳೆಯವರೆಗೆ ಸಾಕು. "ನಾಳೆ ರೇಡಿಯೋದಲ್ಲಿ ಅಕ್ಕನ ದನಿ ಕೇಳಿಸಿದ್ರೆ ಕಾಯ್ತೀನಿ. ಇಲ್ಲಾಂದ್ರೆ ಕಡಲು ಇಳಿದಾಗ ಪಕ್ಕದ ದ್ವೀಪಕ್ಕೆ ನಡೆದು ಹೋಗ್ತೀನಿ, ಅಲ್ಲಿ ಒರತೆ ಇದೆ, ಹಾಗಂತ ಹೇಳಿ ಅಂದ್ರು" ಎಂದ ಮೀನುಗಾರ.

"ನೀವೇ ಅವಳನ್ನ ಕರ್ಕೊಂಡು ಬರಬಹುದಿತ್ತಲ್ಲಪ್ಪಾ."

"ಆ ಬಂಡೆಗಳ ನಡುವೆ ನುಗ್ಗೋಕೆ ನಮಗೆ ದಾರಿ ಗೊತ್ತಿಲ್ಲಮ್ಮ. ಅವರನ್ನ ಅಲ್ಲಿ ಬಿಟ್ಟು ಬಂದೋರು ನೀವೇ ಅಲ್ವಾ?"

ತಂಗಿ ಹೇಳಿದ್ದನ್ನು ಮಾಡಿಯೇ ತೀರುವವಳು. ಬಂಡೆಗೂ ಪಕ್ಕದ ದ್ವೀಪಕ್ಕೂ ನಡುವಿನ ನೀರು, ಕಡಲು ಪೂರ್ತಿ ಇಳಿದಾಗಲೂ ಎದೆಮಟ್ಟ ಇರುತ್ತದೆ. ಮತ್ತೆ ಏರುವಾಗಂತೂ ನುಗ್ಗಿ ಬರುತ್ತದೆ. ಅರ್ಧದಲ್ಲಿ ಮಂಜು ಕವಿದರೆ ಮುಂದಿನ ದಡವೂ ಕಾಣದು, ಹಿಂದಿನ ದಡವೂ ಕಾಣದು. ಈ ತಿಂಗಳಲ್ಲಿ ಮಂಜು ದಿನಾ ಬರುತ್ತಿತ್ತು. ಹಕ್ಕಿ ಇಲಾಖೆಯವರ ದೋಣಿಯ ಇಂಜಿನ್ನನ್ನು ಬಿಚ್ಚಿ ನೆಲದ ಮೇಲೆ ಹರವಿದ್ದರು. ಉಳಿದದ್ದು ಮನೆಯ ದೋಣಿ ಒಂದೇ.

ಮನೆಯ ದೋಣಿ ಎಂದರೆ ರಜಾದಿನಗಳಲ್ಲಿ ಸುತ್ತಾಡಲು ಅಕ್ಕನ ಗಂಡ ಕೊಂಡ ಸೆಕೆಂಡ್‌ಹ್ಯಾಂಡ್ ಮೋಜಿನ ದೋಣಿ. ಗಂಡನಿಗೆ ಪೇಂಟ್ ಅಂಗಡಿ. ದೋಣಿ ಬಂದ ದಿನವೇ ಬಿಳಿ ಟೋಪಿಯೊಂದನ್ನು ತಂದು ತಲೆಗೇರಿಸಿಕೊಂಡಿದ್ದರಿಂದ ಮನೆಮಂದಿಯೆಲ್ಲ ಅವನನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ದೋಣಿಯನ್ನು ನಿಜವಾಗಿ ನಡೆಸುತ್ತಿದ್ದವರು ಮಾತ್ರ ಅತ್ತೆ, ಅಂದರೆ ಕ್ಯಾಪ್ಟನ್ನನ ತಾಯಿ. ಜೀವಮಾನವಿಡೀ ಊರಿನ ಬಸ್ಸು ಓಡಿಸಿ ನಿವೃತ್ತರಾದವರು. ಸ್ಟೀರಿಂಗ್ ಕಂಡರೆ ಅವರಿಗೆ ಕೈ ಸುಮ್ಮನಿರುತ್ತಿರಲಿಲ್ಲ.

ಹೀಗೆ ಮೂವರೂ ಬೆಳಿಗ್ಗೆ ಹೊಳೆಯ ಕಟ್ಟೆಯಿಂದ ಹೊರಟರು. ಹೊರಟು ಇನ್ನೂ ಬೆವರು ಬಂದಿರಲಿಲ್ಲ, ಮೊದಲ ಅನಾಹುತ ಆಗಿಹೋಯಿತು.

ಹೊಳೆಗೆ ಅಡ್ಡಲಾಗಿ ಒಂದು ಕಾಲುಸೇತುವೆ ಇತ್ತು. ದೋಣಿಯ ಚಾವಣಿಯ ಮೇಲಿನ ಎರಡು ಆಂಟೆನಾಗಳನ್ನು, ಅಂದರೆ ರೇಡಿಯೋದ ಉದ್ದನೆಯ ಕೋಲನ್ನೂ ಜಿಪಿಎಸ್‌ನ ಅಣಬೆಯಂಥ ಗುಂಡನ್ನೂ, ಸೇತುವೆ ಬರುವ ಮುಂಚೆ ಮಡಚಬೇಕು. ಅದು ಕ್ಯಾಪ್ಟನ್ನನ ಕೆಲಸ. ಕ್ಯಾಪ್ಟನ್ ಆ ಹೊತ್ತಿನಲ್ಲಿ ಅಮ್ಮನಿಗೆ ಗೇರು ಹಾಕುವ ಬಗೆಯನ್ನು ವಿವರಿಸುತ್ತಿದ್ದ.

"ರೀ, ಆಂಟೆನಾ!" ಎಂದು ಅಕ್ಕ ಕಿರುಚಿದಳು.

ಪಟಾರ್!

ಕೋಲು ಬುಡದಲ್ಲಿ ಮುರಿದು ನೀರಿಗೆ ಬಿತ್ತು. ಗುಂಡು ಎರಡು ಹೋಳಾಗಿ ಚಾವಣಿಯ ಮೇಲೆ ಉರುಳಿತು. ರೇಡಿಯೋದ ಮೈಕು ಗೂಟದಿಂದ ಕಳಚಿ ಕೆಳಗೆಲ್ಲೋ ಬಿದ್ದಿತು. ಕ್ಯಾಪ್ಟನ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

"ಮಾತಾಡಬೇಡ, ನನಗೆ ಗೊತ್ತು. ಎರಡಕ್ಕೂ ಸ್ಪೇರ್ ಇದೆ. ನಾನು ಯಾವುದನ್ನೂ ಒಂದೇ ತರೋನಲ್ಲ."

"ಒಂದನ್ನ ಮುರಿಯೋಕೆ, ಒಂದನ್ನ ಇಟ್ಕೊಳ್ಳೋಕೆ" ಎಂದರು ಅತ್ತೆ, ರಸ್ತೆಯಿಂದ ಕಣ್ಣು ತೆಗೆಯದೆ. ಹೊಳೆಯೂ ಅವರ ಪಾಲಿಗೆ ರಸ್ತೆಯೇ.

ಹೊಳೆ ಕಡಲಿಗೆ ಸೇರುವಲ್ಲಿ ನೀರಿನ ಬಣ್ಣ ಬದಲಾಯಿತು. ಕೆಸರುಬಣ್ಣ ಕಳೆದು ಹಸಿರು, ಹಸಿರು ಕಳೆದು ಕಡುನೀಲಿ. ಎಡಕ್ಕೆ ಕೆಂಪುಮಣ್ಣಿನ ಎತ್ತರದ ದಂಡೆ ಬಿಸಿಲಿಗೆ ಹೊಳೆಯುತ್ತಿತ್ತು. ಅದರ ತುದಿಯ ಪೊದೆಗಳು ಗಾಳಿಗೆ ಒಂದೇ ಕಡೆಗೆ ಬಾಗಿ ಬೆಳೆದಿದ್ದವು. ದಂಡೆಯ ಬುಡದಲ್ಲಿ ಅಲೆಗಳು ಗುಹೆಗಳನ್ನು ಕೊರೆದಿದ್ದವು. ನೀರು ಒಳಗೆ ನುಗ್ಗಿದಾಗಲೆಲ್ಲ ಹೊಟ್ಟೆಯೊಳಗಿಂದ ಬಂದಂಥ ಗುಡುಗು ಕೇಳಿಸುತ್ತಿತ್ತು. ಬೇರೆ ದಿನವಾಗಿದ್ದರೆ ಅಕ್ಕ ಇದನ್ನೆಲ್ಲ ನೋಡುತ್ತಾ ಕೂರುತ್ತಿದ್ದಳು. ಇವತ್ತು ಅವಳ ಕಣ್ಣು ದೂರದಲ್ಲಿ ನೀರಿನ ಮೇಲೆ ಎದ್ದಿದ್ದ ತೆಳು ಬಿಳಿಗೆರೆಯ ಮೇಲೆಯೇ ಇತ್ತು. ಅದು ಮಂಜು.

ದಂಡೆ ಮುಗಿಯುವಲ್ಲಿ ಕಡಲಿಗೆ ಮೂಗು ಚಾಚಿದ ಗುಡ್ಡವೊಂದಿದೆ. ಅಲ್ಲಿಂದಾಚೆಗೆ ನೀರಿನಡಿಯ ಬಂಡೆಗಳ ರಾಜ್ಯ ಶುರು. ತಂಗಿಯನ್ನು ಬಿಡಲು ಬಂದಾಗ ಹೋದ ದಾರಿ, ಸ್ಟೀರಿಂಗಿನ ಪಕ್ಕದ ಜಿಪಿಎಸ್ ಯಂತ್ರದ ಪರದೆಯಲ್ಲಿ ಗೆರೆಯಾಗಿ ಉಳಿದಿತ್ತು. ಆದರೆ ಆಂಟೆನಾ ಇಲ್ಲದೆ, ಆ ಗೆರೆಯ ಮೇಲೆ ತಾವೆಲ್ಲಿದ್ದೇವೆ ಎಂಬುದು ಯಂತ್ರಕ್ಕೆ ಗೊತ್ತಾಗುವಂತಿರಲಿಲ್ಲ. ಮೊಬೈಲಿನ ನಕ್ಷೆಯಲ್ಲಿ ಕಡಲೆಲ್ಲ ಬರೀ ನೀಲಿ, ಒಂದು ಬಂಡೆಯ ಗುರುತೂ ಇಲ್ಲ. ಅತ್ತೆ ಗುಡ್ಡದ ಮರೆಯಲ್ಲಿ ದೋಣಿ ನಿಲ್ಲಿಸಿದರು. ಲಂಗರು ಬಿತ್ತು.

"ಮೊದಲು ರೇಡಿಯೋ" ಎಂದಳು ಅಕ್ಕ. "ನಾವು ಬಂದಿದೀವಿ ಅಂತ ಅವಳಿಗೆ ಗೊತ್ತಾಗಬೇಕು. ಕಡಲು ಆಗಲೇ ಇಳೀತಿದೆ."

ಹೊಸ ಕೋಲಿನ ವೈರನ್ನು ಚಾವಣಿಯ ಪೈಪಿನೊಳಗಿಂದ ಕೆಳಗಿನ ಕೋಣೆಗೆ ಇಳಿಸಬೇಕಿತ್ತು. ಹಳೆಯ ವೈರಿನ ತುದಿಗೆ ಹೊಸದನ್ನು ಟೇಪಿನಿಂದ ಸುತ್ತಿ, ಕೆಳಗಿನಿಂದ ಎಳೆದರೆ ಒಂದರ ಹಿಂದೆ ಒಂದು ಬರುತ್ತದೆ. ಸುಲಭದ ಕೆಲಸ. ಟೇಪು ಸುತ್ತಿದವನು ಕ್ಯಾಪ್ಟನ್. ಅಕ್ಕ ಎಳೆದಳು. ಹಳೆಯದು ಪೂರ್ತಿ ಬಂತು. ಹೊಸದು ಬರಲಿಲ್ಲ.

"ಜೋರಾಗಿ ಎಳೆದುಬಿಟ್ಟೆ ನೀನು" ಎಂದು ಮೇಲಿನಿಂದ ದನಿ ಬಂತು.

ಅಕ್ಕ ಹಲ್ಲು ಕಚ್ಚಿಕೊಂಡಳು. ಆಮೇಲೆ ಗಾಳದ ದಾರಕ್ಕೆ ನಟ್ಟು ಕಟ್ಟಿ ಪೈಪಿನೊಳಗೆ ಇಳಿಬಿಟ್ಟರು. ಅದು ಅರ್ಧದಲ್ಲಿ ಸಿಕ್ಕಿಕೊಂಡಿತು. ದೋಣಿ ಒಲೆದಾಗ ಬಿಡಿಸಿಕೊಂಡಿತು. ಮತ್ತೆ ಸಿಕ್ಕಿಕೊಂಡಿತು. ಅತ್ತೆ ಎದ್ದು ಬಂದು ಪೈಪಿಗೆ ಚಪ್ಪಲಿಯಿಂದ ನಾಲ್ಕು ಬಿಟ್ಟರು. ನಟ್ಟು ಟಣ್ ಎಂದು ಕೆಳಗೆ ಬಿತ್ತು. ದಾರದ ಹಿಂದೆ ಹೊಸ ವೈರೂ ಬಂತು.

ಇನ್ನು ವೈರಿನ ತುದಿಗೆ ಪ್ಲಗ್ಗು ಬೆಸೆಯುವುದು. ಅಲೆಯ ಮೇಲೆ ಕುಣಿಯುವ ದೋಣಿಯಲ್ಲಿ, ಗ್ಯಾಸಿನ ಪುಟ್ಟ ಬೆಸುಗೆ ಕಡ್ಡಿ ಹಿಡಿದು, ಕೂದಲಿನಂಥ ತಂತಿಗೆ ಸೀಸ ಕರಗಿಸಿ ಹಾಕಬೇಕು. ಗಾಳಿಗೆ ಮೂರು ಸಲ ಉರಿ ಆರಿತು. ಅಕ್ಕ ಸೆರಗನ್ನು ಅಡ್ಡ ಹಿಡಿದಳು. ಸೆರಗಿಗೆ ತೂತು ಬಿತ್ತು. ಅಂತೂ ಕ್ಯಾಪ್ಟನ್ ಬೆಸುಗೆ ಮುಗಿಸಿ, ಊದಿ, ಬೆನ್ನು ನೆಟ್ಟಗೆ ಮಾಡಿ ಹೆಮ್ಮೆಯಿಂದ ತೋರಿಸಿದ.

"ಇದೇನು ಇಲ್ಲಿ ಬಿದ್ದಿದೆ?" ಎಂದು ಅಕ್ಕ ನೆಲದಿಂದ ಹಿತ್ತಾಳೆಯ ಉಂಗುರವೊಂದನ್ನು ಎತ್ತಿದಳು.

ಕ್ಯಾಪ್ಟನ್ನನ ಮುಖ ಪೆಚ್ಚಾಯಿತು. ಪ್ಲಗ್ಗನ್ನು ರೇಡಿಯೋಗೆ ಬಿಗಿಯುವ ಉಂಗುರ ಅದು. ಬೆಸೆಯುವ ಮೊದಲೇ ಅದನ್ನು ವೈರಿಗೆ ಪೋಣಿಸಬೇಕು. ಬೆಸೆದ ಮೇಲೆ ತೂರಿಸಲು ಆಗುವುದಿಲ್ಲ.

"ಕತ್ತರಿಸ್ರಿ" ಎಂದಳು ಅಕ್ಕ. ಅವಳ ದನಿ ತಣ್ಣಗಿತ್ತು. ಮನೆಯಲ್ಲಿ ಎಲ್ಲರೂ ಹೆದರುವುದು ಆ ದನಿಗೇ.

ಕತ್ತರಿಸಿದರು. ಮತ್ತೆ ಬೆಸೆದರು. ಈ ಸಲ ಉಂಗುರವನ್ನು ಅಕ್ಕ ತಾನೇ ಪೋಣಿಸಿ, ಜಾರದಂತೆ ಬೆರಳಲ್ಲಿ ಹಿಡಿದುಕೊಂಡು ಕೂತಳು. ಕತ್ತರಿಸಿದ್ದರಿಂದ ವೈರು ಗಿಡ್ಡವಾಗಿ, ರೇಡಿಯೋದ ಬೆನ್ನಿಗೆ ಕಷ್ಟಪಟ್ಟು ಎಟುಕಿತು. ಇನ್ನೊಂದು ಸಲ ಕತ್ತರಿಸಿದರೆ ಎಟುಕುವುದಿಲ್ಲ. ಕ್ಯಾಪ್ಟನ್ ಉಂಗುರ ತಿರುಗಿಸಿ ಬಿಗಿದು ಸ್ವಿಚ್ಚು ಒತ್ತಿದ. ರೇಡಿಯೋಗೆ ಜೀವ ಬಂತು. ಮುಖದ ಮೇಲೆ ಕೆಂಪು ದೀಪ ಹತ್ತಿತು.

ಆದರೆ ಸದ್ದಿಲ್ಲ. ಗೊರಗೊರ ಎನ್ನುವ ಸದ್ದೂ ಇಲ್ಲ.

"ಕೆಂಪು ದೀಪ ಯಾಕೆ?" ಎಂದರು ಅತ್ತೆ.

"ಕರೆಂಟ್ ಬಂದಿದೆ ಅಂತ ಅಮ್ಮ" ಎಂದ ಕ್ಯಾಪ್ಟನ್, ಎಲ್ಲ ಬಲ್ಲವನಂತೆ.

ನಾಬ್ ತಿರುಗಿಸಿ ದನಿ ಏರಿಸಿದರು. ಇಲ್ಲ. ಮೇಲೆ ಹತ್ತಿ ಕೋಲು ಅಲುಗಾಡಿಸಿದರು. ಇಲ್ಲ. ಹೊರಗೆ ಬಿಳಿಗೆರೆ ಈಗ ಗೋಡೆಯಾಗಿತ್ತು. ಗುಡ್ಡದ ಬುಡದಲ್ಲಿ ಹಸಿ ಪಾಚಿಯ ಪಟ್ಟಿಯೊಂದು ನೀರಿನಿಂದ ಮೇಲೆದ್ದು, ಕಡಲು ಎಷ್ಟು ಇಳಿದಿದೆ ಎಂದು ತೋರಿಸುತ್ತಿತ್ತು. ಅಕ್ಕನ ತಾಳ್ಮೆಯ ಕಟ್ಟೆ ಒಡೆಯಿತು.

"ಬೆಳಿಗ್ಗೆಯಿಂದ ನೀವು ಮಾಡಿದ ಒಂದು ಕೆಲಸ ನೆಟ್ಟಗಿದೆಯಾ ಹೇಳಿ! ಮಡಚಬೇಕಾದ್ದನ್ನ ಮಡಚಲಿಲ್ಲ. ಸುತ್ತಬೇಕಾದ್ದನ್ನ ಸುತ್ತಲಿಲ್ಲ. ಈಗ ಬೆಸುಗೆನೂ ಹಾಳು!"

"ನನ್ನನ್ನೇ ಅನ್ನು! ನಿನ್ನ ತಂಗಿಗೆ ಯಾರು ಹೇಳಿದ್ರು ಬಂಡೆ ಮೇಲೆ ಹೋಗಿ ಕೂತ್ಕೋ ಅಂತ? ನಮ್ಮನ್ನ ಎಣಿಸಿ ಅಂತ ಹಕ್ಕಿಗಳು ಅರ್ಜಿ ಹಾಕಿದ್ವಾ?"

"ಅವಳ ಸುದ್ದಿಗೆ ಬರಬೇಡಿ! ಅವಳನ್ನ ಬೈಯೋದಿದ್ರೆ ನಾನು ಬೈತೀನಿ. ಹಟಮಾರಿ ಅವಳು. ಚಿಕ್ಕೋಳಿದ್ದಾಗಿಂದ ಹಾಗೇ. ಜ್ವರ ಬಂದ್ರೂ ಹೇಳಲ್ಲ, ಹಸಿವಾದ್ರೂ ಹೇಳಲ್ಲ, ಎಲ್ಲಾ ತಾನೇ ನೋಡ್ಕೋತೀನಿ ಅಂತಾಳೆ. ಒಂದು ದಿನ ಕಾಯೋಕೆ ಏನು ಧಾಡಿ ಅವಳಿಗೆ? ನಾನು ಬಂದೇ ಬರ್ತೀನಿ ಅಂತ ಗೊತ್ತಿಲ್ವಾ? ಅಮ್ಮ ಹೋದ ಮೇಲೆ ಅವಳಿಗೆ ಜಡೆ ಹಾಕಿದ್ದು ನಾನು, ಅನ್ನ ತಿನ್ನಿಸಿದ್ದು ನಾನು. ಆ ನೀರಿಗೆ ಇಳಿದು ಅವಳಿಗೇನಾದ್ರೂ ಆದ್ರೆ ನಾನು ಯಾರನ್ನ ನೋಡ್ಕೊಂಡು ಬದುಕಲಿ? ಸಿಗಲಿ ಕೈಗೆ, ಕಪಾಳಕ್ಕೆ ಎರಡು ಬಾರಿಸ್ತೀನಿ!"

ಹೇಳುತ್ತಾ ಹೇಳುತ್ತಾ ಅವಳಿಗೆ ಅಳು ನುಗ್ಗಿ ಬಂತು. ಸಿಟ್ಟಿಗೆ ಅಳುವುದೆಂದರೆ ಅವಳಿಗೆ ಮೈ ಉರಿಯುತ್ತಿತ್ತು, ಆದ್ದರಿಂದ ಇನ್ನಷ್ಟು ಸಿಟ್ಟು ಬಂತು. ಕ್ಯಾಪ್ಟನ್ ಏನೋ ಹೇಳಲು ಬಾಯಿ ತೆರೆದ. ಅತ್ತೆ "ಸುಮ್ನಿರೋ" ಎಂದರು.

ಅಕ್ಕ ಬೇಕಾದಷ್ಟು ಹೊತ್ತು ಅತ್ತು, ಕಣ್ಣೊರೆಸಿಕೊಂಡು ಕಟಿಂಗ್ ಪ್ಲೇಯರ್ ಎತ್ತಿಕೊಂಡಳು. "ಈ ಪ್ಲಗ್ ಕತ್ತರಿಸ್ತೀನಿ. ಎಟುಕದಿದ್ರೆ ರೇಡಿಯೋನೇ ಕಿತ್ತು ಮೇಲಕ್ಕೆ ಕಟ್ಟೋಣ."

ಪ್ಲಗ್ಗಿಗೆ ಕೈ ಹಾಕಲು ಟೂಲ್ಸ್ ಪೆಟ್ಟಿಗೆ ಅಡ್ಡವಿತ್ತು. ಅದನ್ನು ಕಾಲಿನಿಂದ ಆಚೆ ನೂಕಿದಳು.

"…ಬಿಡು! ಅಕ್ಕಾ, ಮೈಕಿನ ಗುಂಡಿ ಬಿಡು! ಎಷ್ಟು ಸಲ ಹೇಳಲಿ, ಯಾರೋ ಗುಂಡಿ ಒತ್ಕೊಂಡು ಕೂತಿದ್ದೀರಾ!"

ಮೂವರೂ ರೇಡಿಯೋ ಕಡೆ ತಿರುಗಿದರು. ಪೆಟ್ಟಿಗೆ ಇದ್ದ ಜಾಗದಲ್ಲಿ ಮೈಕು ಬಿದ್ದಿತ್ತು. ಸೇತುವೆಯ ಹತ್ತಿರ ಕಳಚಿ ಬಿದ್ದದ್ದರ ಮೇಲೆ ಕ್ಯಾಪ್ಟನ್ ಪೆಟ್ಟಿಗೆ ಇಟ್ಟಿದ್ದ. ಗುಂಡಿ ಒತ್ತಿಕೊಂಡೇ ಇತ್ತು. ಗುಂಡಿ ಒತ್ತಿದ್ದರೆ ನಮ್ಮ ಮಾತು ಆಚೆ ಹೋಗುತ್ತದೆ, ಆಚೆಯ ಮಾತು ಒಳಗೆ ಬರುವುದಿಲ್ಲ. ರೇಡಿಯೋದ ಕೆಂಪು ದೀಪ ಆರಿತ್ತು.

ಅಕ್ಕ ಮೈಕು ಎತ್ತಿಕೊಂಡಳು. "ಎಲ್ಲಿದೀಯೇ?"

"ಬಂಡೆ ಮೇಲೇ. ಮೂಡಣದ ಕಡೆಗೆ ಬನ್ನಿ, ಪಡುವಣದಲ್ಲಿ ಅಲೆ ಜೋರಿದೆ. ಇಲ್ಲಿ ಮಂಜು ಕವಿದಿದೆ, ಏನೂ ಕಾಣ್ತಿಲ್ಲ. ಬ್ಯಾಟರಿ ಮುಗೀತಾ…" ದನಿ ನಿಂತುಹೋಯಿತು.

"ಬೇಗ!" ಎಂದರು ಅತ್ತೆ. "ನೀರು ಇನ್ನೂ ಇಳಿದ್ರೆ ದೋಣಿ ತಳ ಬಂಡೆಗೆ ತಾಗುತ್ತೆ. ಆಮೇಲೆ ರಾತ್ರಿವರೆಗೂ ಹೋಗೋಕಾಗಲ್ಲ."

ಉಳಿದದ್ದು ಜಿಪಿಎಸ್‌ನ ಸ್ಪೇರ್ ಗುಂಡು. ಅದನ್ನು ಕೂರಿಸುವ ಚೌಕಟ್ಟು ಸೇತುವೆಗೆ ಬಡಿದು ಸೀಳಿತ್ತು. ಅಕ್ಕ ಹಿಡಿದುಕೊಂಡಳು, ಕ್ಯಾಪ್ಟನ್ ಪಂಚೆ ಹರಿದು ಚಾವಣಿಯ ಕಂಬಕ್ಕೆ ಬಿಗಿದು ಕಟ್ಟಿದ, ವೈರು ಸಿಕ್ಕಿಸಿದ. ಯಂತ್ರದ ಪರದೆಯಲ್ಲಿ ಅಕ್ಷರ ಮೂಡಿತು: ಉಪಗ್ರಹ ಹುಡುಕುತ್ತಿದೆ.

ಹುಡುಕುತ್ತಲೇ ಇತ್ತು.

ವೈರು ಬಿಚ್ಚಿ ಹಾಕಿದರು. ಹುಡುಕುತ್ತಿತ್ತು. ಯಂತ್ರ ಆರಿಸಿ ಹೊತ್ತಿಸಿದರು. ಮತ್ತೂ ಹುಡುಕುತ್ತಿತ್ತು. ತಲೆ ಮೇಲೆ ಪೂರ್ತಿ ಆಕಾಶ ಬಿದ್ದಿದೆ, ಒಂದು ಉಪಗ್ರಹವೂ ಸಿಗಲಿಲ್ಲವಂತೆ! ಅಕ್ಕ ಹಣೆ ಚಚ್ಚಿಕೊಂಡಳು. ಹಣೆ ಅಂಟಂಟಾಯಿತು. ಅಂಗೈ ನೋಡಿಕೊಂಡರೆ ಬೆಳ್ಳಿಬಣ್ಣ.

"ಇದೇನ್ರೀ?"

ಕ್ಯಾಪ್ಟನ್ ಗುಡ್ಡದ ಕಡೆ ನೋಡಿದ. "ರೇಲಿಂಗಿಗೆ ನಿನ್ನೆ ಅಲ್ಯೂಮಿನಿಯಂ ಪೇಂಟ್ ಹೊಡೆದ್ನಲ್ಲ. ಸ್ವಲ್ಪ ಉಳಿದಿತ್ತು. ಇದಕ್ಕೂ ಎರಡು ಕೋಟ್ ಕೊಟ್ಟೆ. ಮ್ಯಾಚ್ ಆಗ್ಲಿ ಅಂತ."

ಅಕ್ಕ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಸರ ತೆಗೀರಿ, ಬಳೆ ತೆಗೀರಿ, ಲೋಹ ಅಡ್ಡ ಬಂದ್ರೆ ಏನೂ ಕಾಣಲ್ಲ ಎಂದು ದಿನಕ್ಕೆ ನೂರು ಸಲ ಹೇಳಿ ಅವಳ ಗಂಟಲು ಒಣಗುತ್ತಿತ್ತು. ಈಗ ಅವಳು ಗಂಡನ ಕೈಗೆ ತರಕಾರಿ ಚಾಕು ಕೊಟ್ಟಳು.

"ಹೆರೀರಿ."

ಅವನು ಹೆರೆದ. ಅವಳು ಉಗುರಿನಿಂದ ಕೆರೆದಳು. ಅತ್ತೆ ಲಂಗರು ಎತ್ತಿ ಇಂಜಿನ್ ಶುರು ಮಾಡಿದರು. ಗುಂಡು ಬೆಳ್ಳಗಾಗುತ್ತಾ ಬಂದಂತೆ ಪರದೆಯಲ್ಲಿ ಒಂದು, ಎರಡು, ನಾಲ್ಕು ಉಪಗ್ರಹ ಸಿಕ್ಕವು. ಹಳೆಯ ಗೆರೆಯ ತುದಿಯಲ್ಲಿ ಪುಟ್ಟ ದೋಣಿಯ ಗುರುತು ಮೂಡಿ ನಿಂತಿತು.

"ಹೋಗೋಣ ಅತ್ತೆ!"

ದೋಣಿ ಮಂಜಿನೊಳಗೆ ನುಗ್ಗಿತು.

ದೋಣಿಯ ಮೂತಿಯೂ ಕಾಣಿಸದು. ಎರಡೂ ಬದಿಯಲ್ಲಿ ನೀರು ಬಂಡೆಗೆ ಬಡಿಯುವ ಸದ್ದು. ಅಕ್ಕ ಪರದೆಗೆ ಕಣ್ಣು ನೆಟ್ಟಿದ್ದಳು.

"ಎಡಕ್ಕೆ ಅತ್ತೆ. ಇನ್ನೂ ಎಡಕ್ಕೆ. ಸಾಕು. ನೇರ."

"ಬಸ್ಸಿಗಾದ್ರೂ ಬ್ರೇಕ್ ಇತ್ತು" ಎಂದು ಅತ್ತೆ ಗೊಣಗಿದರು. ಕೈ ಮಾತ್ರ ಅಲುಗಲಿಲ್ಲ.

ದೊಡ್ಡ ಅಲೆಯೊಂದು ದೋಣಿಯನ್ನು ಪಕ್ಕಕ್ಕೆ ಎತ್ತಿ ಒಗೆಯಿತು. ಮೇಲೆ ಏನೋ ಉರುಳಿದ ಸದ್ದಾಯಿತು. ಪರದೆಯ ಗುರುತು ಮಾಯವಾಯಿತು.

"ಹೋಯ್ತು! ಗುರುತು ಹೋಯ್ತು!"

ಬಲಗಡೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಕಪ್ಪು ಬಂಡೆಯ ಬೆನ್ನೊಂದು ನೀರಿನಿಂದ ಎದ್ದು ಮುಳುಗಿತು. ಅತ್ತೆ ಇಂಜಿನ್ನನ್ನು ರಿವರ್ಸಿಗೆ ಹಾಕಿದರು.

ಕ್ಯಾಪ್ಟನ್ ಆಗಲೇ ಏಣಿ ಹತ್ತಿದ್ದ. ಪಂಚೆಯ ಗಂಟು ಬಿಚ್ಚಿಹೋಗಿ ಗುಂಡು ವೈರಿಗೆ ನೇತಾಡುತ್ತಿತ್ತು. ಅವನು ಅದನ್ನು ಹಿಡಿದು, ಒಂದು ಕಾಲನ್ನು ಕಂಬಕ್ಕೆ ಸುತ್ತಿ, ಎರಡೂ ಕೈಯಿಂದ ತಲೆಯ ಮೇಲಕ್ಕೆ ಎತ್ತಿ ನಿಂತ. ಟೋಪಿ ಗಾಳಿಗೆ ಹಾರಿತು. ಅವನು ಅತ್ತ ತಿರುಗಿಯೂ ನೋಡಲಿಲ್ಲ.

"ಬಂತಾ?"

"ಬಂತು! ಅಲ್ಲಾಡಬೇಡಿ!"

"ಅಲ್ಲಾಡ್ತಿರೋದು ನಾನಲ್ಲ ಕಣೇ, ದೋಣಿ!"

ಬಲಕ್ಕೆ. ಸ್ವಲ್ಪ ಬಲಕ್ಕೆ. ಅಲೆ ಬಂದಾಗಲೆಲ್ಲ ಕ್ಯಾಪ್ಟನ್ ಮೈಯೆಲ್ಲ ತೊಯ್ದು ತೊಪ್ಪೆಯಾದ. ಕೈ ಮಾತ್ರ ಕೆಳಗಿಳಿಸಲಿಲ್ಲ. ಅಕ್ಕನಿಗೆ ಅವನ ಮೇಲಿನ ಸಿಟ್ಟು ಇಳಿದಿರಲಿಲ್ಲ. ಆದರೂ ಅವನು ಜಾರಿ ಬಿದ್ದರೆ ಎಂದು ಜೀವ ಹಾರುತ್ತಿತ್ತು. ಎರಡೂ ಒಟ್ಟಿಗೇ ಇತ್ತು.

ಇದ್ದಕ್ಕಿದ್ದಂತೆ ಹಕ್ಕಿಗಳ ಕಲಕಲ ಕೇಳಿಸಿತು. ಆಮೇಲೆ ಹಿಕ್ಕೆಯ ಗಬ್ಬು ಮೂಗಿಗೆ ಬಡಿಯಿತು. ಆಮೇಲೆ ಮಂಜಿನಲ್ಲಿ ಒಂದು ಆಕಾರ. ಬಂಡೆಯ ಅಂಚಿನಲ್ಲಿ ಬೆನ್ನಿಗೊಂದು ಕೈಗೊಂದು ಚೀಲ ಹಿಡಿದು ತಂಗಿ ನಿಂತಿದ್ದಳು.

ಅತ್ತೆ ದೋಣಿಯನ್ನು ಸ್ಟಾಪಿನಲ್ಲಿ ನಿಲ್ಲಿಸುವ ಹಾಗೆ ಬಂಡೆಯ ಪಕ್ಕಕ್ಕೆ ತಂದರು. "ಬೇಗ ಹತ್ತು! ಇಲ್ಲಿ ತುಂಬಾ ಹೊತ್ತು ನಿಲ್ಲಲ್ಲ!"

ಚೀಲಗಳು ಮೊದಲು ಬಂದವು. ಅಲೆ ಏರಿದಾಗ ತಂಗಿ ಹಾರಿದಳು. ಅಕ್ಕ ಅವಳ ರಟ್ಟೆಯನ್ನು ಹಿಡಿದು ಒಳಗೆಳೆದ ರಭಸಕ್ಕೆ ಇಬ್ಬರೂ ನೆಲದ ಮೇಲೆ ಉರುಳಿದರು.

ವಾಪಸ್ಸು ಬರುವಾಗಲೂ ಕ್ಯಾಪ್ಟನ್ ಗುಂಡು ಹಿಡಿದೇ ನಿಂತಿದ್ದ. ಒಮ್ಮೆ ದೋಣಿಯ ತಳ ಗರ್ರನೆ ಉಜ್ಜಿತು. ಅಷ್ಟರಲ್ಲಿ ಅಲೆಯೊಂದು ಎತ್ತಿ ಆಚೆ ದಾಟಿಸಿತು. ಗುಡ್ಡದ ಮೂಗು ದಾಟಿದ ಮೇಲೆ ಮಂಜು ಹರಿದು, ಕೆಂಪು ದಂಡೆ ಬಿಸಿಲಿನಲ್ಲಿ ಕಾಣಿಸಿತು. ಆಗ ಅವನು ಕೆಳಗಿಳಿದ. ತೋಳುಗಳು ಮರಗಟ್ಟಿ, ಕೊಟ್ಟ ನೀರಿನ ಲೋಟವನ್ನೂ ಹಿಡಿಯಲಾಗದೆ ಹೋದ. ಅಕ್ಕನೇ ಕುಡಿಸಿದಳು. ಬಾಯಲ್ಲಿ ಮಾತ್ರ "ಬಣ್ಣ ಬಳೀತಾರಂತೆ ಬಣ್ಣ" ಎಂದಳು.

ತಂಗಿ ಎರಡು ಬಾಟಲಿ ನೀರನ್ನು ಗಟಗಟ ಮುಗಿಸಿ ಗೋಡೆಗೆ ಒರಗಿ ಕೂತಿದ್ದಳು. ಕುತ್ತಿಗೆಯಿಂದ ಕೆಳಗೆ ಅವಳ ಬಟ್ಟೆಯೆಲ್ಲ ಒದ್ದೆಯಾಗಿತ್ತು. ಅಕ್ಕ ಈಗಷ್ಟೇ ಅದನ್ನು ಗಮನಿಸಿದಳು.

"ಇಷ್ಟೊಂದು ಹೇಗೆ ನೆಂದೆ? ಹಾರುವಾಗ ನೀರಿಗೆ ಬೀಳಲಿಲ್ಲವಲ್ಲ."

ತಂಗಿ ಖಾಲಿ ಬಾಟಲಿಯನ್ನು ಪಕ್ಕಕ್ಕಿಟ್ಟಳು. "ನಾನು ಹೊರಟಾಗಿತ್ತು ಅಕ್ಕ. ಎದೆಮಟ್ಟ ನೀರಲ್ಲಿದ್ದೆ. ಮುಂದೆ ಇನ್ನೂ ಆಳ. ಆ ಹಳೇ ರೇಡಿಯೋ ನೆಂದ್ರೆ ಸತ್ತುಹೋಗುತ್ತೆ, ಆರಿಸಿ ಚೀಲಕ್ಕೆ ಹಾಕೋಣ ಅಂತಿದ್ದೆ. ಅಷ್ಟರಲ್ಲಿ ನಿಮ್ಮ ಜಗಳ ಕೇಳಿಸ್ತು, ಭಾವ ಹಕ್ಕಿಗಳು ಅರ್ಜಿ ಹಾಕಿದ್ವಾ ಅಂದ್ರು."

ಕ್ಯಾಪ್ಟನ್ ಕೆಮ್ಮಿದ.

"ಆಮೇಲೆ ನೀನು ಶುರು ಮಾಡಿದೆ. ನೀನು ನನ್ನ ಬಗ್ಗೆ ಇಷ್ಟು ಮಾತಾಡಿದ್ದನ್ನ ನಾನು ಯಾವತ್ತೂ ಕೇಳಿರಲಿಲ್ಲ. ಆರಿಸೋಕೆ ಮನಸ್ಸು ಬರಲಿಲ್ಲ. ಪೂರ್ತಿ ಕೇಳೋಣ ಅಂತ ವಾಪಸ್ ಬಂದು ಬಂಡೆ ಮೇಲೆ ಕೂತೆ. ಕೂರುವಷ್ಟರಲ್ಲಿ ಮಂಜು ಬಂದುಬಿಡ್ತು. ಆಚೆ ದಡ ಕಾಣಲೇ ಇಲ್ಲ."

ಅತ್ತೆ ಇಂಜಿನ್ನಿನ ವೇಗ ತಗ್ಗಿಸಿದರು.

"ಕಪಾಳಕ್ಕೆ ಎರಡು ಅಂತ ಬೇರೆ ಹೇಳಿದ್ದೆ" ಎಂದು ತಂಗಿ ಕೆನ್ನೆ ಒಡ್ಡಿದಳು.

ಅಕ್ಕ ಟವೆಲು ಎಳೆದುಕೊಂಡು, ತಂಗಿಯ ತಲೆಯನ್ನು ಮೊಣಕಾಲ ನಡುವೆ ಹಿಡಿದು, ಮಂಜಿಗೆ ನೆಂದ ಕೂದಲನ್ನು ಗಸಗಸ ಒರೆಸತೊಡಗಿದಳು. ಹಟಮಾರಿ, ಹೇಳಿದ ಮಾತು ಕೇಳದವಳು, ಜ್ವರ ಬಂದರೂ ಬಾಯಿ ಬಿಡದವಳು ಎಂದು ಮತ್ತೆ ಮೊದಲಿನಿಂದ ಬೈಯಲು ಶುರು ಮಾಡಿದಳು. ತಂಗಿ ಕಣ್ಣು ಮುಚ್ಚಿಕೊಂಡು, ಈ ಸಲವೂ ಪೂರ್ತಿ ಕೇಳಿಸಿಕೊಂಡಳು.